ಕಷಾಯದಲ್ಲಿ ಮುಳುಗಿಸಿದ ತಾಮ್ರದ ಪೈಪು

ಕಳೆದ ತಿಂಗಳು ದೇರೆಬೈಲಿನಲ್ಲಿ ಒಂದು ಮನೆಗೆ ಹೋಗಿದ್ದೆ. ನಾನು ಬೋಟಿನ ಇಂಜಿನ್ ಮೆಕ್ಯಾನಿಕ್. ನಾನು ನೋಡಿಕೊಳ್ಳುವ ಒಂದು ಬೋಟಿನಲ್ಲಿ ಸದಾನಂದ ಸರ್ ಅಂತ ಒಬ್ಬರಿಗೆ ಪಾಲು ಉಂಟು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು. ಸವೆದ ಪಿಸ್ಟನ್ನನ್ನು ಪೇಪರಿನಲ್ಲಿ ಸುತ್ತಿ ತಂದು ಅವರಿಗೆ ತೋರಿಸಿ, ಹೊಸದು ಹಾಕಲಿಕ್ಕೆ ಅವರಿಂದ ಹೂಂ ಅನ್ನಿಸಿಕೊಳ್ಳಬೇಕಿತ್ತು. ಲಿಫ್ಟ್ ಇತ್ತು. ನಾನು ಮೆಟ್ಟಿಲು ಹತ್ತುವವ. ಎರಡನೇ ಮಹಡಿಗೆ ಮುಟ್ಟುವಾಗ ಒಂದು ವಾಸನೆ ಬಂತು. ಬೆಳ್ಳುಳ್ಳಿ, ಶುಂಠಿ, ಲಿಂಬೆರಸ, ವಿನೆಗರ್, ನಾಲ್ಕೂ ಒಟ್ಟಿಗೆ ಕುದಿಯುವ ವಾಸನೆ.

ಉಪ್ಪಿನಕಾಯಿ ಹಾಕುವ ಮನೆಯಲ್ಲಿ ಹೀಗೆ ವಾಸನೆ ಬರುವುದಿಲ್ಲ. ಇದು ಬೇರೆ. ಮೂಗಿನಿಂದ ನೇರ ಕಣ್ಣಿಗೆ ಹೋಗ್ತದೆ. ನಾನು ಅಲ್ಲೇ ಕಂಬಿ ಹಿಡಿದು ನಿಂತೆ. ಕೈಯಲ್ಲಿದ್ದ ಪಿಸ್ಟನ್ ಭಾರ ಆಯಿತು. ಆ ಮನೆಯಲ್ಲಿ ಯಾರಿಗೋ ಹೃದಯದಲ್ಲಿ ಬ್ಲಾಕ್ ಉಂಟು ಎಂದು ಬಾಗಿಲು ತೆಗೆಯುವ ಮೊದಲೇ ನನಗೆ ಗೊತ್ತಾಯಿತು.

ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ ಅದೇ ಕಷಾಯವನ್ನು ನಾನು ನನ್ನ ಕೈಯಾರೆ ಕುದಿಸಿದ್ದೇನೆ, ನನ್ನ ಅಕ್ಕನಿಗೆ. ಆ ಎರಡು ತಿಂಗಳ ಕತೆಯನ್ನು ನಮ್ಮ ಕಡೆಯವರು ಒಂದು ರೀತಿ ಹೇಳುತ್ತಾರೆ, ನಾನು ತಲೆ ತಗ್ಗಿಸಿ ಕೇಳುತ್ತೇನೆ. ಅದರಲ್ಲಿ ಒಂದು ಭಾಗ ಸುಳ್ಳು. ಯಾವುದು ಸುಳ್ಳು ಎಂದು ಅಕ್ಕನಿಗೆ ಗೊತ್ತು, ನನಗೆ ಗೊತ್ತು. ಬರೆಯುತ್ತೇನೆ. ಆದರೆ ಅಲ್ಲಿಗೆ ಬರಲು ನನಗೆ ಸ್ವಲ್ಪ ಸಮಯ ಬೇಕು.

ಅಕ್ಕನ ಹೆಸರು ಜಲಜ. ಬೋಳೂರಿನಲ್ಲಿ ನಮ್ಮ ಮನೆ ಪಕ್ಕದಲ್ಲೇ ಅವಳ ಮನೆ. ಅಪ್ಪ ಸಮುದ್ರಕ್ಕೆ ಹೋಗಿ ತೀರಿಕೊಂಡ ವರ್ಷ ಅವಳಿಗೆ ಹದಿನಾರು, ನನಗೆ ಹನ್ನೊಂದು. ಅವಳು ಬುಟ್ಟಿ ಹೊತ್ತು ಉರ್ವ ಮಾರ್ಕೆಟಿಗೆ ಮೀನು ಮಾರಲು ಹೋದಳು. ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೆ ಏರಿಸಲಿಕ್ಕೆ ಆಗುವುದಿಲ್ಲ, ಇನ್ನೊಬ್ಬರ ಕೈ ಬೇಕು. ಬೆಳಿಗ್ಗೆ ಆ ಕೈ ಕೊಟ್ಟು ನಾನು ಶಾಲೆಗೆ ಹೋಗುತ್ತಿದ್ದೆ. ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು, ಬಂದರಿನಲ್ಲಿ ಬೋಟು ಬಂದು ನಿಲ್ಲುವ ದಕ್ಕೆಯ ವರ್ಕ್‌ಶಾಪಿಗೆ ಸೇರಿದಾಗ ಅವಳು ಮೂರು ದಿನ ನನ್ನಲ್ಲಿ ಮಾತಾಡಲಿಲ್ಲ. ಮತ್ತೆ, "ಆಯ್ತು, ಇಂಜಿನಾದರೂ ಸರಿ ಕಲಿ," ಅಂದಳು.

ಕಲಿತೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ. ಇಂಜಿನ್ ಸ್ಟಾರ್ಟ್ ಆದ ಸ್ವರ ಕೇಳಿ ಎಷ್ಟನೇ ಸಿಲಿಂಡರು ಸರಿ ಇಲ್ಲ ಎಂದು ಹೇಳುತ್ತಿದ್ದೆ. ಡಿಪ್ಲೊಮಾ ಮಾಡಿ ಬಂದವರು ಪುಸ್ತಕ ತೆರೆಯುವ ಮೊದಲು ನಾನು ಸ್ಪ್ಯಾನರ್ ಹಾಕಿರುತ್ತಿದ್ದೆ. ದಕ್ಕೆಯಲ್ಲಿ ನನಗೆ ಮರ್ಯಾದೆ ಇತ್ತು. ಮನೆಯಲ್ಲೂ ಇತ್ತು. ನಮ್ಮಲ್ಲಿ ಸೋದರಮಾವನ ಮಾತು ದೊಡ್ಡದು. ಭಾವ ಬೇಗ ತೀರಿಕೊಂಡದ್ದರಿಂದ ಅಕ್ಕನ ಮನೆಯಲ್ಲಿ ಗಂಡು ನೋಡುವುದಿರಲಿ, ಹೆಂಚು ಬದಲಿಸುವುದಿರಲಿ, "ಉಮೇಶನನ್ನು ಕೇಳಿ" ಎಂಬ ಮಾತು ಬರುತ್ತಿತ್ತು. ಅಕ್ಕನ ಮಗಳು ಪವಿತ್ರಾ ಫಳ್ನೀರಿನಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಾಳೆ, ಡಿಗ್ರಿ ಮಾಡಿದವಳು. ಅವಳೂ ಕೇಳುತ್ತಿದ್ದಳು.

ಆ ವರ್ಷ ಮೇ ಕೊನೆಗೆ ಅಕ್ಕ ಮಾರ್ಕೆಟಿನ ಮೆಟ್ಟಿಲಲ್ಲಿ ಕೂತುಬಿಟ್ಟಳು. ಎದೆ ಹಿಂಡಿದ ಹಾಗೆ, ಎಡಗೈ ಸೋತ ಹಾಗೆ. ಪವಿತ್ರಾ ಫಳ್ನೀರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮರುದಿನ ಆಂಜಿಯೋಗ್ರಾಂ ಆಯಿತು. ನನ್ನನ್ನು ಬರಹೇಳಿದರು. ಕೆಲಸ ಬಿಟ್ಟು, ಕೈಯ ಗ್ರೀಸ್ ಸರಿ ಹೋಗುವ ಮೊದಲೇ ಹೋದೆ.

ಡಾಕ್ಟ್ರು ಸಣ್ಣ ಪ್ರಾಯದವರು. ಒಂದು ಕಾಗದದಲ್ಲಿ ಹೃದಯ ಬರೆದು ಎರಡು ಕಡೆ ಗೀಟು ಹಾಕಿದರು. ಎರಡು ಬ್ಲಾಕ್, ಒಂದು ಬಹಳ ಜೋರಿನದ್ದು, ಈ ವಾರದೊಳಗೆ ಸ್ಟೆಂಟ್ ಹಾಕಬೇಕು, ಅಲ್ಲಿಯವರೆಗೆ ಈ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದರು. ಎಲ್ಲ ಸರಿಯಾಗಿಯೇ ಹೇಳಿದರು. ನಾನು, "ಪೈಪು ಕಟ್ಟಿದ್ದಾ? ಎಷ್ಟು ಎಂ.ಎಂ. ಪೈಪು?" ಎಂದು ಕೇಳಿದೆ. ಅವರು ನನ್ನ ಕೈ ನೋಡಿದರು, ಉಗುರು ನೋಡಿದರು. ಮತ್ತೆ ಪವಿತ್ರಾಳ ಕಡೆ ತಿರುಗಿ, "ಮನೆಯಲ್ಲಿ ಓದಿದವರು ಯಾರಾದರೂ ಇದ್ದಾರಾ? ಅವರ ಹತ್ರ ಮಾತಾಡಿದರೆ ಒಳ್ಳೆಯದು," ಅಂದರು.

ಅಷ್ಟೇ. ದಿನಕ್ಕೆ ಐವತ್ತು ಜನರನ್ನು ನೋಡುವ ಮನುಷ್ಯ, ಬಾಯಿ ತಪ್ಪಿ ಬಂದಿರಬಹುದು. ಸಂಜೆಗೆ ಅವರು ಮರೆತಿರುತ್ತಾರೆ. ನಾನು ಮರೆಯಲಿಲ್ಲ. ಸ್ಕೂಟರಿನಲ್ಲಿ ಬರುವಾಗ ಜ್ಯೋತಿ ಸರ್ಕಲಿನ ಸಿಗ್ನಲಿನಲ್ಲಿ ನಿಂತು ಒಬ್ಬನೇ ಅವರಿಗೆ ಉತ್ತರ ಕೊಡುತ್ತಿದ್ದೆ. ಹಿಂದಿನವನು ಹಾರ್ನ್ ಹಾಕಿ ಬೈದು ಹೋದ.

ಅಕ್ಕನಿಗೆ ಸ್ಟೆಂಟ್ ಬೇಡ ಎಂದು ನಾನು ಹೇಳಿದ್ದಕ್ಕೆ ಆಮೇಲೆ ಬೇಕಾದಷ್ಟು ಕಾರಣ ಕೊಟ್ಟಿದ್ದೇನೆ. ಆಸ್ಪತ್ರೆಯವರು ಸುಮ್ಮನೆ ಹೆದರಿಸುತ್ತಾರೆ, ಒಳಗೆ ಕಬ್ಬಿಣ ಇಟ್ಟರೆ ತುಕ್ಕು ಹಿಡಿಯುವುದಿಲ್ಲವಾ, ಅಕ್ಕನ ದೇಹ ಕೆಲಸ ಮಾಡಿದ ದೇಹ. ಎಲ್ಲ ಮೇಲಿನ ಮಾತು. ಒಳಗೆ ಇದ್ದದ್ದು ಆ ಒಂದು ವಾಕ್ಯ. ಓದಿದವರು ಯಾರಾದರೂ ಇದ್ದಾರಾ. ತೋರಿಸ್ತೇನೆ ನಿನಗೆ, ಎಂದು ನನ್ನ ಮನಸ್ಸು ಹೇಳುತ್ತಿತ್ತು. ಹೃದಯ ಅಕ್ಕನದ್ದು, ಛಲ ನನ್ನದು.

ಜೂನ್ ಬಂತು. ಜೂನಿನಿಂದ ಎರಡು ತಿಂಗಳು ಮೀನುಗಾರಿಕೆ ನಿಷೇಧ, ಸಮುದ್ರಕ್ಕೆ ಬೋಟು ಇಳಿಸುವ ಹಾಗಿಲ್ಲ. ಬೋಟಿನ ಕೆಲಸದವರು ಊರಿಗೆ ಹೋಗುತ್ತಾರೆ. ನಮಗೆ ಮಾತ್ರ ಆಗಲೇ ಕತ್ತು ಮುರಿಯುವ ಕೆಲಸ, ಇಡೀ ವರ್ಷದ ಇಂಜಿನ್ ರಿಪೇರಿ ಆ ಎರಡು ತಿಂಗಳಲ್ಲಿ ಮುಗಿಯಬೇಕು. ದಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಅಂಟಿ ನಿಂತಿರುತ್ತವೆ, ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಮಳೆ. ಆ ಮಳೆಯ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕು.

ಒಬ್ಬ ಬೋಟಿನ ಧಣಿ ನನ್ನ ಮೊಬೈಲಿಗೆ ಒಂದು ಮೆಸೇಜು ಹಾಕಿದ. ಬೆಳ್ಳುಳ್ಳಿರಸ, ಶುಂಠಿರಸ, ಲಿಂಬೆರಸ, ವಿನೆಗರ್, ಒಂದೊಂದು ಕಪ್. ಕುದಿಸಿ ಇಳಿಸಿ ಜೇನು ಹಾಕಿ ಬರೇ ಹೊಟ್ಟೆಗೆ ಕುಡಿಯಬೇಕು, ಎಂಥ ಬ್ಲಾಕ್ ಇದ್ದರೂ ಕರಗುತ್ತದೆ ಎಂದು. "ನನ್ನ ಹೆಂಡತಿಯ ಚಿಕ್ಕಪ್ಪ ಕುಡಿದಿದ್ದಾರೆ ಮಾರಾಯ, ಈಗ ಗುಡ್ಡೆ ಹತ್ತುತ್ತಾರೆ," ಅಂದ. ನಾನು ಎಲ್ಲವನ್ನೂ ನಂಬುವವನಲ್ಲ. ಕಣ್ಣಲ್ಲಿ ನೋಡಬೇಕು. ಹಾಗಾಗಿ ಒಂದು ಪರೀಕ್ಷೆ ಮಾಡಿದೆ.

ಬೋಟಿನ ಇಂಜಿನನ್ನು ತಂಪು ಮಾಡುವುದು ಉಪ್ಪುನೀರು. ಆ ನೀರು ಹೋಗುವ ತಾಮ್ರದ ಪೈಪುಗಳೊಳಗೆ ವರ್ಷ ಕಳೆದ ಹಾಗೆ ಬಿಳಿ ಕಲ್ಲಿನ ಹಾಗೆ ಪದರ ಕಟ್ಟುತ್ತದೆ. ನೀರು ಹೋಗುವ ದಾರಿ ಸಣ್ಣದಾಗುತ್ತದೆ, ಇಂಜಿನ್ ಬಿಸಿಯಾಗಿ ನಿಲ್ಲುತ್ತದೆ. ನಾವು ಆ ಪೈಪಿನಲ್ಲಿ ಆ್ಯಸಿಡ್ ಓಡಿಸಿ ತೊಳೆಯುತ್ತೇವೆ. ಪೈಪು ಕೊಯ್ಯುವ ಅಗತ್ಯ ಇಲ್ಲ. ಇದು ನನಗೆ ಮೂವತ್ತು ವರ್ಷದಿಂದ ಗೊತ್ತಿರುವ ವಿದ್ಯೆ. ಡಾಕ್ಟ್ರು ಕಾಗದದಲ್ಲಿ ಗೀಟು ಹಾಕಿದಾಗ ನನ್ನ ತಲೆಯಲ್ಲಿ ಬಂದದ್ದೂ ಇದೇ ಪೈಪು.

ಹಳೆಯ ಪೈಪಿನಿಂದ ಒಂದು ಬೆರಳುದ್ದ ತುಂಡು ಮಾಡಿದೆ, ಒಳಗೆಲ್ಲ ಬಿಳಿ ಕಟ್ಟಿದ್ದು. ಕಷಾಯ ಕುದಿಸಿ, ಅಕ್ಕನ ಅಡಿಗೆಮನೆಯಲ್ಲಿ ಗಾಜಿನ ಗ್ಲಾಸಿಗೆ ಹೊಯ್ದು, ಪೈಪಿನ ತುಂಡನ್ನು ಅರ್ಧ ಮುಳುಗುವ ಹಾಗೆ ನಿಲ್ಲಿಸಿದೆ. ಬುಳುಬುಳು ನೊರೆ ಬಂತು. ಅಕ್ಕ, ಪವಿತ್ರಾ, ನನ್ನ ಹೆಂಡತಿ ಮೂವರೂ ಬಗ್ಗಿ ನೋಡಿದರು. ಮರುದಿನ ತೆಗೆದೆ. ಮುಳುಗಿದ ಅರ್ಧ ಫಳಫಳ, ಹೊಸ ತಾಮ್ರ. ಮುಳುಗದ ಅರ್ಧ ಹಾಗೆಯೇ ಬಿಳಿ ಕಟ್ಟಿಕೊಂಡು.

"ನೋಡಿದೆಯಾ?" ಅಂದೆ ಪವಿತ್ರಾಳಿಗೆ.

"ಮಾಮ, ಅಮ್ಮ ತಾಮ್ರದ್ದಲ್ಲ," ಅಂದಳು ಅವಳು.

"ಹಲ್ಲಿನ ಡಾಕ್ಟ್ರ ಬಿಲ್ಲು ಬರೆಯುವವಳು ಹೃದಯದ ವಿಷಯ ಹೇಳ್ತಾಳೆ, ಕೇಳಿ," ಅಂದೆ. ನನ್ನ ಹೆಂಡತಿ ನಕ್ಕಳು. ಅಕ್ಕ ನಗಲಿಲ್ಲ, ತುಂಡನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೆ ಆಪರೇಶನ್ ಎಂದರೆ ಹೆದರಿಕೆ. ಭಾವ ಆಸ್ಪತ್ರೆಗೆ ಹೋದವರು ವಾಪಸ್ ಬಂದಿರಲಿಲ್ಲ.

"ಉಮೇಶ ಹೇಳಿದ್ರೆ ಸರಿ ಇರ್ತದೆ," ಅಂದಳು.

ಪವಿತ್ರಾ ಬಿಡಲಿಲ್ಲ. "ಆಗಲಿ, ಕಷಾಯ ಕುಡಿಯಲಿ. ಸ್ಟೆಂಟೂ ಹಾಕುವ, ಮಾತ್ರೆಯೂ ತೆಗೊಳ್ಳಲಿ. ಎರಡೂ ಮಾಡಿದ್ರೆ ನಿಮ್ಮ ಗಂಟು ಎಂತ ಹೋಗ್ತದೆ ಮಾಮ?"

ಎಷ್ಟು ಸುಲಭದ ಮಾತು. ಅಲ್ಲಿ ನಾನು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾನು ಅದಕ್ಕೂ ನನ್ನ ವಿದ್ಯೆ ತಂದೆ. ಆ್ಯಸಿಡ್ ಹಾಕುವ ಮೊದಲು ಲೈನಿನಲ್ಲಿದ್ದ ಬೇರೆ ಕೆಮಿಕಲ್ ಎಲ್ಲ ಖಾಲಿ ಮಾಡಬೇಕು, ಇಲ್ಲದಿದ್ದರೆ ಎರಡೂ ಸೇರಿ ಕೆಲಸ ಹಾಳು. ಇಂಜಿನಿಗೆ ಅದು ಸತ್ಯ. "ಎರಡು ಮದ್ದು ಒಟ್ಟಿಗೆ ಓಡಿಸಬಾರದು," ಎಂದು ಅಕ್ಕನಿಗೆ ಹೇಳಿದೆ. ಒಂದೊಂದೇ ಮಾತ್ರೆ ನಿಂತಿತು. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಮಳೆ ಕಳೆಯಲಿ ಎಂದು ನಾನೇ ಹೇಳಿ ಇಟ್ಟೆ.

ಪ್ರತಿ ಆದಿತ್ಯವಾರ ಬೆಳಿಗ್ಗೆ ನಾನು ಕಷಾಯ ಮಾಡುತ್ತಿದ್ದೆ. ನನ್ನ ಹೆಂಡತಿ ಅಲ್ಯೂಮಿನಿಯಂ ಪಾತ್ರೆ ತಂದಾಗ, ಹುಳಿ ಅದಕ್ಕೆ ಆಗುವುದಿಲ್ಲ ಎಂದು ಬೈದು ಸ್ಟೀಲ್ ಪಾತ್ರೆ ತರಿಸಿದೆ. ಅಷ್ಟು ಜಾಗ್ರತೆ! ಬೆಳ್ಳುಳ್ಳಿ ನಾನೇ ಸುಲಿದೆ. ನಾಲ್ಕು ಕಪ್ ಮೂರಕ್ಕೆ ಇಳಿಯುವವರೆಗೆ ಒಲೆಯ ಹತ್ತಿರದಿಂದ ಏಳಲಿಲ್ಲ. ಇಡೀ ಮನೆಗೆ ಆ ವಾಸನೆ. ಮಳೆಯಲ್ಲಿ ಒಣಗದ ಬಟ್ಟೆಗೆಲ್ಲ ಅದೇ ವಾಸನೆ. ಅಕ್ಕ ಮೂಗು ಮುಚ್ಚಿ ಕುಡಿದು, "ನಿನ್ನಿಂದ ನಾನು ಉಪ್ಪಿನಕಾಯಿ ಭರಣಿ ಆದೆ ಮಾರಾಯ. ಇನ್ನು ನನ್ನನ್ನು ಗಂಜಿಯ ಹತ್ರ ಬಡಿಸುದೊಂದು ಬಾಕಿ," ಎನ್ನುತ್ತಿದ್ದಳು.

ಅವಳು ಚೇತರಿಸಿಕೊಂಡಳು ಎಂಬುದೇ ಮೋಸ ಆದದ್ದು. ಎದೆನೋವು ಬರಲಿಲ್ಲ. ಮುಖದಲ್ಲಿ ಕಳೆ ಬಂತು. ಜುಲೈಯಲ್ಲಿ ನಾನು ದಕ್ಕೆಯಲ್ಲಿ ಎಲ್ಲರಿಗೂ ಹೇಳಿದೆ. ಇಬ್ಬರು ನನ್ನಿಂದ ಬರೆಸಿಕೊಂಡೂ ಹೋದರು, ಅವರು ಯಾರಿಗೆ ಕೊಟ್ಟರು, ಏನಾಯಿತು ಎಂದು ಕೇಳುವ ಧೈರ್ಯ ಇವತ್ತಿಗೂ ನನಗಿಲ್ಲ. ಬೋಟು ನಿಂತಿರುವಾಗ ಮಾರ್ಕೆಟಿನಲ್ಲಿ ಐಸಿನಲ್ಲಿ ಬಂದ ಸ್ವಲ್ಪ ಮೀನು, ಒಣಮೀನು, ಅಷ್ಟೇ. ಅಕ್ಕ ಅರ್ಧ ದಿನ ಹೋಗುತ್ತಿದ್ದಳು, ಕೆಲವು ದಿನ ಹೋಗುತ್ತಲೇ ಇರಲಿಲ್ಲ. ಬುಟ್ಟಿ ಎತ್ತಿಲ್ಲ, ಓಡಿಲ್ಲ, ಮಧ್ಯಾಹ್ನ ನಿದ್ದೆ ಮಾಡಿದ್ದಾಳೆ. ನಿಂತ ಇಂಜಿನ್ ಬಿಸಿಯಾಗುವುದಿಲ್ಲ ಎಂದು ದಕ್ಕೆಯಲ್ಲಿ ಯಾರೂ ನನಗೆ ಕಲಿಸಬೇಕಾಗಿರಲಿಲ್ಲ. ಅದನ್ನೊಂದು ನಾನು ಯೋಚಿಸಲಿಲ್ಲ.

ಆಗಸ್ಟಿನಲ್ಲಿ ಬೋಟು ಇಳಿಯಿತು. ನಾನು ಕೈ ಹಾಕಿದ ಇಂಜಿನುಗಳೆಲ್ಲ ಒಂದೇ ಹೊಡೆತಕ್ಕೆ ಸ್ಟಾರ್ಟ್ ಆದವು. ಅಳಿವೆಯ ಬಾಯಿ ದಾಟಿ ಸಮುದ್ರಕ್ಕೆ ಅವು ಸಾಲಾಗಿ ಹೋಗುವುದನ್ನು ನೋಡುವಾಗ ಪ್ರತಿ ವರ್ಷ ನನ್ನ ಎದೆ ಉಬ್ಬುತ್ತದೆ. ಆ ವರ್ಷ ಸ್ವಲ್ಪ ಜಾಸ್ತಿಯೇ ಉಬ್ಬಿತ್ತು. ಕೆಲವು ದಿನ ಕಳೆದು ಮೊದಲ ಬೋಟುಗಳು ಮೀನು ತುಂಬಿಕೊಂಡು ಬಂದವು. ಬೆಳಿಗ್ಗೆ ಅಕ್ಕ ದಕ್ಕೆಗೆ ಬಂದು ಹೊಸ ಬಂಗುಡೆ, ಸಿಗಡಿ ಹಿಡಿದು ರಿಕ್ಷಾದಲ್ಲಿ ಮಾರ್ಕೆಟಿಗೆ ಹೋದಳು. ಬುಟ್ಟಿ ಎತ್ತಲಿಕ್ಕೆ ನಾನೇ ಕೈ ಕೊಟ್ಟೆ. "ನೋಡು, ಎರಡು ತಿಂಗಳ ಹಿಂದೆ ಇದು ಆಗ್ತಿತ್ತಾ?" ಎಂದು ಕೇಳಿದೆ. "ಸಾಕು ನಿನ್ನ ಹೆಚ್ಚುಗಾರಿಕೆ, ಹಿಡಿ ಸರಿ," ಅಂದಳು.

ಇನ್ನು ಬರೆಯಲೇಬೇಕು.

ಅದೇ ದಿನ ಎಂಟು ಗಂಟೆಗೆ ಸ್ವಲ್ಪ ಮೊದಲು ನನ್ನ ಫೋನ್ ಹೊಡೆಯಿತು. ನಾನು ಇಂಜಿನ್ ಗುಂಡಿಯಲ್ಲಿ ಬಗ್ಗಿದ್ದೆ. ಅಕ್ಕ.

"ಉಮೇಶ, ಎಂತದೋ ಆಗ್ತಾ ಉಂಟು. ದವಡೆ ಎಳೀತದೆ. ಬೆವರು ಧಾರೆ ಧಾರೆ. ಒಂದು ಸಲ ವಾಂತಿ ಆಯ್ತು."

"ಎದೆ ನೋವಾ?"

"ಎದೆ ಅಲ್ಲ. ಭಾರ. ಪಕ್ಕದ ಲೀಲಕ್ಕ ಆಸ್ಪತ್ರೆಗೆ ಹೋಗುವ ಅಂತಾಳೆ. ಹೋಗಲಾ?"

ಅವಳು ಅನುಮತಿ ಕೇಳುತ್ತಿದ್ದಳು. ಐವತ್ತಮೂರು ವರ್ಷದ ಹೆಂಗಸು, ನನ್ನನ್ನು ಸಾಕಿದವಳು, ಪ್ರಾಣ ಹೋಗುವ ಹೊತ್ತಿನಲ್ಲಿ ನನ್ನನ್ನು ಕೇಳುತ್ತಿದ್ದಳು.

ಆ್ಯಸಿಡ್ ಓಡಿಸುವಾಗ ಪೈಪಿನೊಳಗಿಂದ ಕಟ್ಟಿದ್ದು ಎದ್ದು ಬರುತ್ತದೆ. ಆಗ ಸ್ವಲ್ಪ ಹೊತ್ತು ಲೈನು ಇನ್ನೂ ಕಟ್ಟಿದ ಹಾಗೆ ಕಾಣುತ್ತದೆ, ಪಂಪು ನರಳುತ್ತದೆ. ಹೆದರಿ ನಿಲ್ಲಿಸಬಾರದು. ನಾನು ಹೇಳಿದೆ, "ಹೆದರಬೇಡ. ಅದು ಕಷಾಯ ಕೆಲಸ ಮಾಡ್ತಾ ಉಂಟು, ಬ್ಲಾಕ್ ಬಿಡ್ತಾ ಉಂಟು. ಬಿಸಿನೀರು ಕುಡಿದು ಗೋಡೆಗೆ ಒರಗಿ ಕೂತುಕೊ. ಈಗ ಆಸ್ಪತ್ರೆಗೆ ಹೋದ್ರೆ ಎರಡು ತಿಂಗಳು ಮಾಡಿದ್ದು ಎಲ್ಲ ವೇಸ್ಟ್."

"ಹಾಗಾ?" ಅಂದಳು. "ಆಯ್ತು."

ಆಯ್ತು ಎಂದು ಅವಳು ಕೂತಳು. ಐವತ್ತು ನಿಮಿಷ ಕೂತಳು. ನಾನು ಫೋನ್ ಕಿಸೆಗೆ ಹಾಕಿ ನಟ್ಟು ಬಿಗಿ ಮಾಡಿದೆ.

ಕೊನೆಗೆ ಅಕ್ಕನ ಪಕ್ಕದಲ್ಲಿ ಮೀನು ಮಾರುವ ಲೀಲಕ್ಕ ಯಾರ ಮಾತೂ ಕೇಳದೆ ಪವಿತ್ರಾಳಿಗೆ ಫೋನ್ ಮಾಡಿದಳು. ಪವಿತ್ರಾ ಬಸ್ಸಿನಲ್ಲಿದ್ದಳು, ಫೋನ್ ಬ್ಯಾಗಿನಲ್ಲಿ. ಎತ್ತುವಾಗ ಹತ್ತು ನಿಮಿಷ ಕಳೆದಿತ್ತು. ಕೂಡಲೇ ಕರೆದುಕೊಂಡು ಹೋಗಿ ಎಂದು ಅವಳು ಹೇಳಿದ ಮೇಲೆ ಲೀಲಕ್ಕ ರಿಕ್ಷಾ ನಿಲ್ಲಿಸಿ ಅಕ್ಕನನ್ನು ಹತ್ತಿಸುವ ಹೊತ್ತಿಗೆ ಅಕ್ಕನಿಗೆ ಪ್ರಜ್ಞೆ ಬಂದು ಹೋಗಿ ಆಗುತ್ತಿತ್ತು.

ನಾನು ಫಳ್ನೀರಿಗೆ ಮುಟ್ಟಿದಾಗ ಅದೇ ಡಾಕ್ಟ್ರು ಹೊರಗೆ ಬಂದರು. ಸ್ಟೆಂಟ್ ಹಾಕಿ ಆಗಿತ್ತು. ಜೀವ ಉಳಿದಿದೆ, ಆದರೆ ಹೃದಯದ ದೊಡ್ಡ ಒಂದು ಭಾಗ ಸತ್ತಿದೆ, ಅದು ಇನ್ನು ಬರುವುದಿಲ್ಲ ಎಂದರು. "ಮಾತ್ರೆ ಯಾಕೆ ನಿಲ್ಲಿಸಿದ್ದು?" ಎಂದು ಕೇಳಿದರು. ನಾನು ಬೂಟಿನ ತುದಿ ನೋಡಿದೆ. ಪವಿತ್ರಾ ಕಷಾಯದ ವಿಷಯ ಹೇಳಿದಳು, ಪೈಪಿನ ತುಂಡಿನ ವಿಷಯವನ್ನೂ ಹೇಳಿದಳು. ಅವರು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನ್ನ ಪಕ್ಕದಲ್ಲಿ ಕೂತು ಮೆಲ್ಲ ಹೇಳಿದರು: ಕುಡಿದದ್ದು ಹೊಟ್ಟೆಗೆ ಹೋಗುತ್ತದೆ, ಅಲ್ಲಿ ಜೀರ್ಣ ಆಗುತ್ತದೆ, ರಕ್ತನಾಳಕ್ಕೆ ವಿನೆಗರ್ ಆಗಿ ಹೋಗುವುದಿಲ್ಲ. ರಕ್ತ ಅಷ್ಟು ಹುಳಿಯಾದರೆ ಮನುಷ್ಯ ಬದುಕುವುದಿಲ್ಲ. ಮತ್ತೆ ಆ ಕೊಬ್ಬು ಪೈಪಿನ ಒಳಗೆ ಮೇಲಿಂದ ಅಂಟಿದ್ದಲ್ಲ, ಪೈಪಿನ ಗೋಡೆಯೊಳಗೇ ಬೆಳೆದದ್ದು. ಅದು ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿದೆ. ಹಾಗೆ ಹೆಪ್ಪುಗಟ್ಟಬಾರದು ಅಂತಲೇ ಆ ಮಾತ್ರೆ ಕೊಟ್ಟದ್ದು.

ಏಳನೇ ಕ್ಲಾಸಿನವನಿಗೆ ಅರ್ಥ ಆಗುವ ಹಾಗೆಯೇ ಹೇಳಿದರು. ಮೊದಲ ದಿನ ನಾನು ಕೂತು ಕೇಳಿದ್ದರೆ ಆಗಲೂ ಅರ್ಥ ಆಗುತ್ತಿತ್ತು.

ಎರಡು ದಿನ ಕಳೆದು ಅಕ್ಕ ಮಾತಾಡುವ ಹಾಗೆ ಆದಳು. ಡಾಕ್ಟ್ರು ಪುನಃ ಕೇಳಿದರು, "ಅವತ್ತು ನೋವು ಶುರು ಆದದ್ದು ಎಷ್ಟು ಗಂಟೆಗೆ ಅಮ್ಮ?" ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. "ಲೀಲ ಫೋನ್ ಮಾಡಿದಳಲ್ಲ, ಆಗಲೇ. ಅದಕ್ಕೆ ಮೊದಲು ಎಂತ ಇರ್ಲಿಲ್ಲ," ಅಂದಳು. ಮಾತ್ರೆಯ ವಿಷಯಕ್ಕೆ, "ನನಗೇ ಹೆದರಿಕೆ. ತಮ್ಮನದ್ದು ತಪ್ಪಿಲ್ಲ, ನಾನೇ ಹಟ ಮಾಡಿದ್ದು," ಎಂದು ಬಂದವರಿಗೆಲ್ಲ ಹೇಳಿದಳು. ಮೊದಲೇ ಶುರು ಆಗಿತ್ತೆಂದು ಯಾರಿಗೂ ಹೇಳಬೇಡ ಎಂದು ಲೀಲಕ್ಕನಿಂದಲೂ ಆಣೆ ಮಾಡಿಸಿಕೊಂಡಿದ್ದಳು. ನೆಂಟರು ನನ್ನ ಬೆನ್ನು ತಟ್ಟಿದರು. ನಿನ್ನಿಂದಾದಷ್ಟು ನೀನು ಮಾಡಿದೆ ಎಂದರು. ನಾನು ಎಳನೀರಿನ ಚೀಲ ಹಿಡಿದುಕೊಂಡು ನಿಂತಿದ್ದೆ. ಅಲ್ಲ ಎಂದು ಹೇಳಲಿಲ್ಲ.

ಅದಕ್ಕಿಂತ ದೊಡ್ಡ ಪಾಪ ಇನ್ನೊಂದು ಉಂಟು. ಪವಿತ್ರಾ ಆ ಹತ್ತು ನಿಮಿಷ ಹಿಡಿದುಕೊಂಡಳು. ಫೋನ್ ಬ್ಯಾಗಿನಲ್ಲಿ ಇಟ್ಟದ್ದೇ ತಪ್ಪು, ಹತ್ತು ನಿಮಿಷ ಮೊದಲು ಎತ್ತಿದ್ದರೆ ಅಮ್ಮನ ಹೃದಯ ಸ್ವಲ್ಪವಾದರೂ ಉಳಿಯುತ್ತಿತ್ತು ಎಂದು. ಆ ದಿನದಿಂದ ಅವಳು ಫೋನನ್ನು ಕೈಯಿಂದ ಕೆಳಗಿಟ್ಟದ್ದಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಪಕ್ಕ, ಬಟ್ಟೆ ಒಗೆಯುವಾಗ ಕಲ್ಲಿನ ಮೇಲೆ. ಎರಡು ಒಳ್ಳೆಯ ಸಂಬಂಧ ಬಂತು, ಬೇಡ ಅಂದಳು, ಅಮ್ಮನನ್ನು ಬಿಟ್ಟು ಹೋಗುವುದಿಲ್ಲ ಎಂದು. ಕಷಾಯಕ್ಕೆ ಅವಳು ನನ್ನನ್ನು ಎಂದೋ ಕ್ಷಮಿಸಿದ್ದಳು. ಮಾಮ ಗೊತ್ತಿಲ್ಲದೆ ಮಾಡಿದರು, ನಾನು ಅಮ್ಮನ ಸ್ಥಿತಿ ಗೊತ್ತಿದ್ದೂ ಫೋನ್ ಬ್ಯಾಗಿನಲ್ಲಿಟ್ಟೆ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿ ಅತ್ತಿದ್ದಳಂತೆ. ಅದು ಕೇಳಿಯೂ ನಾನು ಬಾಯಿ ಬಿಡಲಿಲ್ಲ. ನಾಲ್ಕು ವರ್ಷ.

ಅಕ್ಕ ಈಗ ಮಾರ್ಕೆಟಿಗೆ ಹೋಗುವುದಿಲ್ಲ. ಅಂಗಳದ ಮೂರು ಮೆಟ್ಟಿಲು ಹತ್ತಲು ಎರಡು ಸಲ ನಿಲ್ಲಬೇಕು. ರಾತ್ರಿ ಮೂರು ತಲೆದಿಂಬು. ಮೀನು ಸಾರಿಗೂ ಉಪ್ಪು ಅಳತೆ. ಯಾರಾದರೂ ಮೀನು ತಂದರೆ ಕಿವಿರು ಎತ್ತಿ ನೋಡಿ, "ಇದನ್ನು ನಿನಗೆ ಕೊಟ್ಟವಳು ಯಾರು? ಮೂರು ದಿನದ್ದು," ಎಂದು ಬೈಯುತ್ತಾಳೆ. ಅದೊಂದೇ ಹಳೆಯ ಜಲಜಕ್ಕ.

ದೇರೆಬೈಲಿನ ಮೆಟ್ಟಿಲಿಗೆ ವಾಪಸ್ ಬರುತ್ತೇನೆ. ಬಾಗಿಲು ತೆಗೆದದ್ದು ಸದಾನಂದ ಸರ್ ಅವರೇ. ಬ್ಲಾಕ್ ಇದ್ದದ್ದೂ ಅವರಿಗೇ. ಮುಂದಿನ ವಾರ ಸ್ಟೆಂಟ್ ಎಂದು ಡಾಕ್ಟ್ರು ಹೇಳಿದ್ದರಂತೆ, ಇವರೇ ಒಂದು ತಿಂಗಳು ಇದನ್ನು ನೋಡುವ ಎಂದು ಮುಂದೆ ಹಾಕಿದ್ದಾರಂತೆ. ಅಷ್ಟು ಓದಿದ ಮನುಷ್ಯ! ನಾನು ಪಿಸ್ಟನ್ ಕೆಳಗಿಟ್ಟು, "ಬೇಡ ಸರ್. ನಮ್ಮ ಗುರ್ತದವರೊಬ್ಬರು ಇದನ್ನೇ ಕುಡಿದು ಹಾಳಾದರು," ಅಂದೆ.

ಗುರ್ತದವರೊಬ್ಬರು. ಅಲ್ಲೂ ನಾನು ಅಡಗಿದೆ.

"ಎಲ್ಲರ ಬಾಡಿ ಒಂದೇ ಇರ್ತದಾ ಉಮೇಶಣ್ಣ?" ಎಂದು ಅವರು ನಕ್ಕರು.

ಆ ತಾಮ್ರದ ತುಂಡು ಇವತ್ತಿಗೂ ನನ್ನ ಸ್ಕೂಟರಿನ ಸೀಟಿನಡಿ ಉಂಟು. ಬಿಸಾಡಲು ಕೈ ಬರಲಿಲ್ಲ. ಕೆಳಗೆ ಇಳಿದು ಅದನ್ನು ತಂದು ಅವರ ಕೈಯಲ್ಲಿಟ್ಟೆ. ಇದನ್ನು ತೋರಿಸಿಯೇ ಆ ಗುರ್ತದವರನ್ನು ನಂಬಿಸಿದ್ದು ಎಂದು ಹೇಳುವವನಿದ್ದೆ. ಅವರು ಕನ್ನಡಕ ಏರಿಸಿ, ತಿರುಗಿಸಿ ನೋಡಿ, ಹೆಂಡತಿಯನ್ನು ಕರೆದರು. "ನೋಡು ಇಲ್ಲಿ! ಅರ್ಧ ಎಷ್ಟು ಕ್ಲೀನ್ ಆಗಿದೆ ಮಾರಾಯ್ತಿ!"

ಅಕ್ಕ ಹಿಡಿದು ನೋಡಿದ ಹಾಗೆಯೇ ಹಿಡಿದಿದ್ದರು. ಇನ್ನು ಅಡಗಿದರೆ ಇದು ನಾನು ಹಾಳು ಮಾಡಿದ ಎರಡನೆಯ ಹೃದಯ ಆಗುತ್ತದೆ ಎನಿಸಿತು.

"ಸರ್, ಅದು ನನ್ನ ಅಕ್ಕ," ಅಂದೆ. "ಕುದಿಸಿದ್ದು ನಾನು. ಮಾತ್ರೆ ನಿಲ್ಲಿಸಿದ್ದು ನಾನು. ಅಟ್ಯಾಕ್ ಆದಾಗ ಆಸ್ಪತ್ರೆಗೆ ಹೋಗಲಾ ಅಂತ ಫೋನ್ ಮಾಡಿ ಕೇಳಿದಳು. ಬೇಡ, ಕಷಾಯ ಕೆಲಸ ಮಾಡ್ತಾ ಉಂಟು ಅಂತ ಹೇಳಿದ್ದೂ ನಾನು."

ಒಳಗೆ ಆ ಕಷಾಯ ಇನ್ನೂ ಕುದಿಯುತ್ತಿತ್ತು. ಅವರ ಹೆಂಡತಿ ಒಳಗೆ ಹೋಗಿ ಗ್ಯಾಸ್ ಬಂದ್ ಮಾಡಿದರು. ಸದಾನಂದ ಸರ್ ತುಂಡನ್ನು ಮೆಲ್ಲ ಮೇಜಿನ ಮೇಲೆ ಇಟ್ಟು, ಬೆರಳನ್ನು ಪಂಚೆಗೆ ಒರೆಸಿಕೊಂಡರು. ಪಿಸ್ಟನಿನ ಮಾತು ಆವತ್ತು ಆಗಲಿಲ್ಲ.

ಸೀದಾ ಬೋಳೂರಿಗೆ ಬಂದೆ. ಹೊರಗಿನವರ ಮನೆಯಲ್ಲಿ ಹೇಳಿಯಾದ ಮೇಲೆ ಅವಳಿಗೆ ಹೇಳದೆ ಉಳಿಯುವ ದಾರಿ ಇರಲಿಲ್ಲ. ಪವಿತ್ರಾ ಅಂಗಳದ ನಳ್ಳಿಯ ಹತ್ತಿರ ಮೀನು ಕೊಯ್ಯುತ್ತಿದ್ದಳು. ಕಲ್ಲಿನ ಮೇಲೆ ಫೋನ್ ಇತ್ತು. ನಿಂತುಕೊಂಡೇ ಎಲ್ಲ ಹೇಳಿದೆ, ಅಕ್ಕ ಕೇಳಿದ್ದು, ನಾನು ಹೇಳಿದ್ದು, ಒಂದು ಶಬ್ದ ಬಿಡದೆ.

ಅವಳ ಕತ್ತಿ ನಿಂತಿತು. "ಲೀಲಕ್ಕ ಫೋನ್ ಮಾಡುವ ಮೊದಲಾ?"

"ಮೊದಲು."

"ಎಷ್ಟು ಮೊದಲು ಮಾಮ?"

"ಐವತ್ತು ನಿಮಿಷ."

ಅವಳು ಮೀನಿನ ನೀರು ಸುರಿಯುವ ಕೈಯಿಂದಲೇ ಆ ಫೋನನ್ನು ಕಲ್ಲಿನ ಮೇಲೆ ಮಗುಚಿ ಹಾಕಿದಳು. "ನಾನು ಹತ್ತು ನಿಮಿಷಕ್ಕೆ ನಾಲ್ಕು ವರ್ಷ..." ಎಂದಳು. ಅಳಲಿಲ್ಲ. ಉಳಿದ ಮೀನುಗಳನ್ನು ಒಂದೊಂದಾಗಿ ಕೊಯ್ದು ಮುಗಿಸಿದಳು. ನಾನು ನಿಂತೇ ಇದ್ದೆ. ಕೂರಲು ಯಾರೂ ಹೇಳಲಿಲ್ಲ.

ಒಳಗಿನಿಂದ ಅಕ್ಕನ ಸ್ವರ ಬಂತು, ಮಧ್ಯೆ ಮಧ್ಯೆ ಉಸಿರು ತೆಗೆದುಕೊಂಡು. "ಎಂತಕ್ಕೆ ಹೇಳಿದ್ದು ನೀನು? ಯಾರು ಕೇಳಿದ್ರು ನಿನ್ನನ್ನು? ನಾನು ಹೇಳಿದ್ದು ಹಾಗೇ ಇರ್ಲಿ ಅಂತಲ್ಲವಾ ನಾನು..." ಕೆಮ್ಮಿದಳು. ಮತ್ತೆ, "ಪವಿ, ಮಾಮನಿಗೆ ಚಾ ಇಡು."

ಪವಿತ್ರಾ ಕೈ ತೊಳೆದು ಒಳಗೆ ಹೋದಳು. ಚಾ ತಂದಳು. ಯಾವಾಗಲೂ ಕೈಗೆ ಕೊಡುವವಳು, ಜಗಲಿಯ ಮೇಲೆ ಇಟ್ಟಳು. ಸಕ್ಕರೆ ಹಾಕಿರಲಿಲ್ಲ. ಹಾಗೆಯೇ ಕುಡಿದೆ.

ಗ್ಲಾಸು ತೆಗೆದುಕೊಂಡು ಹೋಗುವಾಗ ಅವಳು ನನ್ನ ಮುಖ ನೋಡದೆ ಹೇಳಿದಳು. "ಬುಧವಾರ ಅಮ್ಮನನ್ನು ಫಳ್ನೀರಿಗೆ ಕರ್ಕೊಂಡು ಹೋಗ್ಲಿಕ್ಕುಂಟು. ಎದೆಯಲ್ಲಿ ಒಂದು ಮೆಷಿನ್ ಇಡುವ ಅಂತಾರೆ, ಹೃದಯ ನಿಲ್ಲದ ಹಾಗೆ. ಬರುದಾದ್ರೆ ಬನ್ನಿ. ಅಮ್ಮನನ್ನು ಎತ್ತಿ ಕೂರಿಸ್ಲಿಕ್ಕೆ ಒಂದು ಕೈ ಬೇಕು."

"ಬರ್ತೇನೆ," ಅಂದೆ.

"ಡಾಕ್ಟ್ರ ಹತ್ರ ಮಾತಾಡುದು ನಾನು."

"ಆಯ್ತು," ಅಂದೆ.